ಹಸುವಿನ ಜೀನುಗಳಲ್ಲಿ ಅಣ್ಣ ತಮ್ಮಂದಿರು



ಮನೆಗೆ ಒಬ್ಬನೇ ಮಗನಾದರೆ ಅವನು ಹೊಲ ಬಿಟ್ಟು ಕದಲುವಂತಿಲ್ಲ. ಇಬ್ಬರಿದ್ದರೆ ಅಣ್ಣ ಹೊಲ ನೋಡಿಕೊಳ್ಳುತ್ತಾನೆ, ತಮ್ಮ ಬೇರೆ ಕಸುಬು ಕಲಿಯಬಹುದು. ಜೀನುಗಳ ಸಂಸಾರವೂ ಹೀಗೇ ಎಂದು 1970ರಲ್ಲಿ ಪುಸ್ತಕವನ್ನೇ ಬರೆದವರು ಸುಸುಮು ಓನೊ. ಒಂದು ಜೀನ್ ಎರಡಾದಾಗ ಒಂದು ಹಳೆಯ ಕೆಲಸ ಮುಂದುವರಿಸುತ್ತದೆ; ಇನ್ನೊಂದಕ್ಕೆ ಬದಲಾಗಲು ಬಿಡುವು. ಹಲವು ಪ್ರತಿಗಳು ಕೆಟ್ಟು ಮೂಲೆ ಸೇರುತ್ತವೆ, ಕೆಲವಕ್ಕೆ ಮಾತ್ರ ಹೊಸ ಕಸುಬು ಕೈಹತ್ತುತ್ತದೆ.

ಕೈಹತ್ತಿದ್ದಕ್ಕೆ ಸಾಕ್ಷಿ ಹಸುವಿನ ಹೊಟ್ಟೆ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಎಂಬ ಕಿಣ್ವವನ್ನು 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ವರದಿ ಮಾಡಿದರು. ನಮ್ಮ ಕಣ್ಣೀರಿನಲ್ಲಿ ಅದು ಕಾವಲುಗಾರ. ಹಸುವಿನ ನಾಲ್ಕನೆಯ ಹೊಟ್ಟೆಯಲ್ಲಿ ಅದೇ ಅಡುಗೆಯಾಳು: ಮೊದಲ ಹೊಟ್ಟೆಯಲ್ಲಿ ಹುಲ್ಲು ತಿಂದು ಬೆಳೆದ ಬ್ಯಾಕ್ಟೀರಿಯಾವನ್ನೇ ಒಡೆದು ಹಸುವಿಗೆ ಉಣಿಸುತ್ತದೆ. 1980ರ ದಶಕದಲ್ಲಿ ಬರ್ಕ್ಲಿಯ ಅಲನ್ ವಿಲ್ಸನ್ ತಂಡ ಎಣಿಸಿದಾಗ ಹಸುವಿನಲ್ಲಿ ಲೈಸೋಜೈಮಿನ ಜೀನುಗಳು ಸುಮಾರು 10 ಸಿಕ್ಕವು. ಎಲೆ ತಿನ್ನುವ ನಮ್ಮ ಹನುಮಾನ್ ಲಂಗೂರದ ಲೈಸೋಜೈಮ್ ಕೂಡ, ಹಸುವಿನೊಡನೆ ಹತ್ತಿರದ ನಂಟಿಲ್ಲದೆಯೇ, ಕೆಲವು ಜಾಗಗಳಲ್ಲಿ ಹಸುವಿನದರಂತೆಯೇ ಬದಲಾಗಿದೆ ಎಂದು ಅದೇ ತಂಡ 1987ರಲ್ಲಿ ತೋರಿಸಿತು.

ಈ ಸಂಸಾರದಲ್ಲಿ ಅಲೆಮಾರಿಗಳೂ ಇದ್ದಾರೆ. ಜೀನುಗಳು ಜಾಗ ಬದಲಿಸುತ್ತವೆಂದು 1940ರ ದಶಕದಲ್ಲಿ ಮೆಕ್ಕೆಜೋಳದಲ್ಲಿ ಕಂಡವರು ಬಾರ್ಬರಾ ಮೆಕ್ಲಿಂಟಾಕ್. ನೊಬೆಲ್ ಬಂದದ್ದು 1983ರಲ್ಲಿ. ಅಂಥ ಅಲೆಮಾರಿಗಳಲ್ಲಿ ರೆಟ್ರೊಟ್ರಾನ್ಸ್‌ಪೋಸಾನ್ ಎಂಬವು ಆರ್‌ಎನ್‌ಎ ಪ್ರತಿಯೊಂದನ್ನು ಮಾಡಿಸಿ, ಅದನ್ನು ಮತ್ತೆ ಡಿಎನ್‌ಎ ಆಗಿಸಿ, ಬೇರೊಂದು ಜಾಗದಲ್ಲಿ ನೆಲೆಸುತ್ತವೆ. ಒಳಹೊಕ್ಕಲು ಡಿಎನ್‌ಎ ಕತ್ತರಿಸುವ ಕತ್ತರಿಯೂ ಅವುಗಳ ಬಳಿಯೇ ಇರುತ್ತದೆ. ಹಸುವಿನಲ್ಲಿ ತುಂಬಿರುವ ಬೊವ್-ಬಿ ಎಂಬ ಅಲೆಮಾರಿ ಹಾವು ಹಲ್ಲಿಗಳ ಕಡೆಯಿಂದ ವಲಸೆ ಬಂದದ್ದಿರಬೇಕೆಂದು 1998ರಲ್ಲಿ ಸ್ಲೊವೇನಿಯಾದ ಕೊರ್ಡಿಶ್ ಮತ್ತು ಗುಬೆನ್ಶೆಕ್ ವಾದಿಸಿದರು.

ಇಮ್ಮಡಿಯಾಗುವ ಜೀನು, ಅಲೆಮಾರಿ ಜೀನು ಎಂಬ ಈ ಎರಡು ಕಥೆಗಳು ಒಂದೇ ಜೀನಿನಲ್ಲಿ ಕೂಡಿಕೊಂಡದ್ದು ಜಪಾನಿನ ಇವಾಶಿತಾ ಅವರ ತಂಡದ ಕೈಗೆ ಸಿಕ್ಕಿತು. 1997ರಲ್ಲಿ ಅವರು ಹಸುವಿನ ಪ್ರೋಟೀನೊಂದರಲ್ಲಿ 280 ಅಮೈನೋ ಆಮ್ಲಗಳ ತುಣುಕೊಂದನ್ನು ಕಂಡರು. ಮನುಷ್ಯನ ಅದೇ ಪ್ರೋಟೀನಿನಲ್ಲಿ ಆ ತುಣುಕಿಲ್ಲ. ಜೀನಿಗೆ ಬುಸೆಂಟಾರ್ ಎಂಬ ಹೆಸರು. ಅರ್ಧ ಎತ್ತು, ಅರ್ಧ ಮನುಷ್ಯನಾದ ಪುರಾಣದ ಪ್ರಾಣಿಯದು. ಆ ತುಣುಕು ಅಲೆಮಾರಿಯ ಕತ್ತರಿಯೇ ಎಂದು 2003ರಲ್ಲಿ ತಿಳಿಯಿತು. ಘಟನೆಗಳು ನಡೆದ ಕ್ರಮ 2006ರಲ್ಲಿ ಸ್ಪಷ್ಟವಾಯಿತು: ಮೆಲುಕು ಹಾಕುವ ಪ್ರಾಣಿಗಳ ಪೂರ್ವಜನಲ್ಲಿ ಮೊದಲು ಜೀನ್ ಇಮ್ಮಡಿಯಾಯಿತು, ಆಮೇಲೆ ಒಂದು ಪ್ರತಿಯೊಳಗೆ ಅಲೆಮಾರಿ ಹೊಕ್ಕಿತು. ಒಂಟಿ ಜೀನಿಗೇ ಹೊಕ್ಕಿದ್ದರೆ ಹಳೆಯ ಕೆಲಸಕ್ಕೆ ಕುತ್ತು ಬರಬಹುದಿತ್ತು.

ನಾಳೆ ಕೊಟ್ಟಿಗೆಗೆ ಹೋದಾಗ, ಮೆಲುಕು ಹಾಕುತ್ತಾ ಮಲಗಿದ ಹಸುವನ್ನು ನೋಡಿ. ಹೊಲ ಬಿಡದ ಅಣ್ಣನೂ, ಅಲೆಮಾರಿಯನ್ನು ಮನೆಗೆ ಸೇರಿಸಿಕೊಂಡ ತಮ್ಮನೂ ಅದರ ಒಂದೊಂದು ಜೀವಕೋಶದಲ್ಲೂ ಅಕ್ಕಪಕ್ಕದಲ್ಲೇ ಇದ್ದಾರೆ.