21 ಸಾಲಿನಲ್ಲಿ ‘ಗುಬ್ಬಿ’ ಹಿಡಿಸೋದು ಹೇಗೆ?



ತುಮಕೂರು, ಗುಬ್ಬಿ, ಕುಣಿಗಲ್ – ಈ ಮೂರು ಹೆಸರನ್ನ ಒಂದು ಹಾಳೆ ಮೇಲೆ ಬರೆದು ನೋಡಿ. ‘ತುಮಕೂರು’ ಅನ್ನೋದರಲ್ಲಿ ಒತ್ತಕ್ಷರವೇ ಇಲ್ಲ, ಒಂದೇ ಗೆರೆ ಮೇಲೆ ಆರಾಮಾಗಿ ಕೂರುತ್ತೆ. ‘ಕುಣಿಗಲ್’ ಕೊನೆಗೊಂದು ಅರ್ಧಾಕ್ಷರ ಇದೆ, ಪರವಾಗಿಲ್ಲ. ತಕರಾರು ಇರೋದು ‘ಗುಬ್ಬಿ’ಯದ್ದು. ಮೇಲೆ ಗುಡಿಸು, ಕೆಳಗೆ ಬ ಒತ್ತು. ಹೆಸರು ಚಿಕ್ಕದು, ಜಾಗ ಜಾಸ್ತಿ ಬೇಕು.

ಕೈಬರಹದಲ್ಲಿ ಇದು ಗೊತ್ತಾಗಲ್ಲ. ಗೊತ್ತಾಗೋದು ಚೌಕಗಳನ್ನ ಒಂದೊಂದಾಗಿ ತುಂಬಿ ಬರೆಯುವಾಗ. ಇವತ್ತಿನ ಮಾತು ಅಂಥ ಒಂದು ಸಲಕರಣೆ ಬಗ್ಗೆ.

1982ರಲ್ಲಿ ಅಮೆರಿಕದಲ್ಲಿ ಕಮೊಡೋರ್ 64 ಅಂತ ಒಂದು ಮನೆ ಕಂಪ್ಯೂಟರ್ ಬಂತು. ಹೆಸರಿನಲ್ಲಿರೋ 64, ಅದರ ಮೆಮೊರಿ – 64 ಕಿಲೋಬೈಟ್. ನಿಮ್ಮ ಫೋನಿನ ಒಂದು ಫೋಟೋನೂ ಅದರಲ್ಲಿ ಹಿಡಿಸಲ್ಲ. ಆದರೆ ಆಟಗಳಿಗೆ ಅದರಲ್ಲೊಂದು ಅನುಕೂಲ ಇತ್ತು: ಹಿನ್ನೆಲೆ ಚಿತ್ರ ಕೆಡದಂತೆ ಪರದೆ ಮೇಲೆ ಓಡಾಡೋ ಪುಟ್ಟ ಚಿತ್ರಗಳು. ಅವಕ್ಕೇ ಸ್ಪ್ರೈಟ್ ಅಂತಾರೆ. ಒಂದೊಂದರ ಅಳತೆ ಅಡ್ಡಕ್ಕೆ 24 ಚುಕ್ಕಿ, ಉದ್ದಕ್ಕೆ 21 ಸಾಲು.

ಆ ಯಂತ್ರ ನಿಮ್ಮ ಹತ್ತಿರ ಇರಬೇಕಾಗಿಲ್ಲ. ಈಗ ಸ್ಪ್ರೈಟ್‌ಮೇಟ್ ಅಂತ ಒಂದು ಉಚಿತ ಎಡಿಟರ್ ಇದೆ, ಬ್ರೌಸರ್‌ನಲ್ಲೇ ತೆರೆಯುತ್ತೆ. ಶಾಲೆಯ ಹಳೇ ಕಂಪ್ಯೂಟರ್ ಆದರೂ ನಡೆಯುತ್ತೆ; ಮೊಬೈಲ್ ಪರದೆ ಮೇಲೆ ಬೆರಳಲ್ಲಿ ಮಾಡೋದು ಮಾತ್ರ ಹಿಂಸೆ. ಮೌಸ್‌ನಿಂದ ಚೌಕ ತುಂಬೋದು, ಅಳಿಸೋದು, ಅಷ್ಟೇ. ಚುಕ್ಕಿ ರಂಗೋಲಿ ಹಾಕಿದವರಿಗೆ ಕೈ ಬೇಗ ಕೂರುತ್ತೆ. ಒಂದೇ ವ್ಯತ್ಯಾಸ: ರಂಗೋಲಿಯಲ್ಲಿ ಎಳೆ ಚುಕ್ಕಿ ಸುತ್ತ ಬಳಸಿ ಹೋಗುತ್ತೆ, ಇಲ್ಲಿ ಎಳೆಯೇ ಇಲ್ಲ. ಬಳುಕೋ ಗೆರೆಯನ್ನೂ ಚೌಕದಲ್ಲೇ ತೋರಿಸಬೇಕು.

ಈಗ ಗುಬ್ಬಿಗೆ ಬನ್ನಿ. 21 ಸಾಲನ್ನ ಹೀಗೆ ಹಂಚೋಣ: ಗುಡಿಸಿಗೆ 4, ಅಕ್ಷರದ ಮೈಗೆ 9, ನಡುವೆ ಖಾಲಿ 1, ಒತ್ತಿಗೆ 7. ಸರಿಯಾಗಿ 21. ಅಡ್ಡಕ್ಕೆ ಗ-ಗೆ 7, ಕೊಂಬಿಗೆ 4, ಒಂದು ಸಂದು, ಬ-ಗೆ 8. ಅಲ್ಲಿಗೆ 20 ಆಯ್ತು. ಉಳಿದ 4ರಲ್ಲಿ ಒತ್ತು ಬಲಕ್ಕೆ ಚಾಚಿಕೊಳ್ಳಲಿ. ಹಿಡಿಸ್ತು! ಆದರೆ ಒಂದು ಚೌಕ ಹೆಚ್ಚುಕಮ್ಮಿ ಆದರೂ ಕಥೆ ಬೇರೆ. ಬ-ದ ಬುಡದಲ್ಲಿ ತಪ್ಪಿ ಒಂದು ಚುಕ್ಕಿ ಬಿದ್ದರೆ ಅದು ಭ ಥರ ಕಾಣುತ್ತೆ. ಇನ್ನೊಂದು ಎಚ್ಚರಿಕೆ: ಬಹುವರ್ಣದ ಆಯ್ಕೆ ಒತ್ತಬೇಡಿ. ಅದರಲ್ಲಿ ಒಂದೊಂದು ಚುಕ್ಕಿ ಎರಡರಷ್ಟು ಅಗಲ, ಅಡ್ಡಕ್ಕೆ ಸಿಗೋದು 12 ಮಾತ್ರ. ಗುಂಡಗಿನ ಕನ್ನಡ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತೆ.

ಲೆಕ್ಕವೂ ಸುಲಭ. ಎಂಟೆಂಟು ಚೌಕಕ್ಕೆ ಒಂದು ಸಂಖ್ಯೆ. ಬಲದಿಂದ 1, 2, 4, 8, 16, 32, 64, 128. ನಡುವಿನ ನಾಲ್ಕು ಚೌಕ ತುಂಬಿದರೆ 4, 8, 16, 32 ಕೂಡಿ 60. ಸಾಲಿಗೆ ಮೂರು ಸಂಖ್ಯೆ, 21 ಸಾಲಿಗೆ 63. ನಿಮ್ಮ ಊರಿನ ಹೆಸರು 63 ಸಂಖ್ಯೆ! ಬೈಟ್ ಅಂದ್ರೇನು ಅಂತ ಎಂಟನೇ ಕ್ಲಾಸಿಗೆ ಹೇಳಿಕೊಡೋ ಮೇಷ್ಟ್ರುಗಳು, ಮಿಸ್‌ಗಳು ಇದನ್ನೊಮ್ಮೆ ಮಾಡಿಸಿ ನೋಡಿ. ಕುಣಿಗಲ್ ಮಕ್ಕಳಿಗೆ ಅಕ್ಷರ ಬೇಜಾರಾದರೆ ಅಲ್ಲಿನ ಫಾರ್ಮಿನ ಕುದುರೆ ಇದ್ದೇ ಇದೆ. ನಾಲ್ಕು ಸ್ಪ್ರೈಟ್ ಬರೆದು ಒಂದರ ಹಿಂದೊಂದು ಓಡಿಸಿದರೆ ಕುದುರೆ ಓಡುತ್ತೆ, ಅದಕ್ಕೆ ಬಹುವರ್ಣ ಧಾರಾಳವಾಗಿ ಬಳಸಿ.

ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಕಮೊಡೋರ್ ಅಲ್ಲ ಅನ್ನಿ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕೊಟ್ಟಿದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ಅದರಲ್ಲೂ 8 ಸಂಖ್ಯೆ ಕೊಟ್ಟು ಹೊಸ ಅಕ್ಷರ ಮಾಡಿಕೊಳ್ಳಬಹುದಿತ್ತು. ಆದರೆ ಒಂದಕ್ಷರಕ್ಕೆ ಸಿಗ್ತಿದ್ದ ಜಾಗ 8 ಚುಕ್ಕಿ, 8 ಸಾಲು. ಇಂಗ್ಲಿಷಿನ ‘ಎ’ಗೆ ಏಳು ಸಾಲು ಸಾಕು, ಒಂದು ಸಂದಿಗೆ ಉಳಿಯುತ್ತೆ. ‘ಬ್ಬಿ’ಗೆ? ಆ ಚೌಕಟ್ಟು ಹಾಕಿದವರ ಮನಸ್ಸಲ್ಲಿ ಒತ್ತು ಅನ್ನೋದೇ ಇರಲಿಲ್ಲ.

ಹಳೇ ಕಾಲದ ಮಾತು ಅಂತ ಬಿಡೋ ಹಾಗಿಲ್ಲ. ಅಂಗಡಿ ಮುಂದೆ ಕೆಂಪು ಅಕ್ಷರ ಓಡೋ ಎಲ್‌ಇಡಿ ಬೋರ್ಡ್ ನೋಡಿರ್ತೀರಿ. ಪಿ10 ಅಂತ ಸಿಗೋ ಪಟ್ಟಿಯಲ್ಲಿ ಅಡ್ಡಕ್ಕೆ 32 ದೀಪ, ಉದ್ದಕ್ಕೆ ಬರೀ 16. ಇಂಗ್ಲಿಷ್ ಅದರಲ್ಲಿ ಎದೆ ಸೆಟೆಸಿ ನಿಲ್ಲುತ್ತೆ. ಕನ್ನಡದ ಒತ್ತು ನಜ್ಜುಗುಜ್ಜಾಗಿ ಓದೋಕೇ ಆಗಲ್ಲ. ಜನ ಅಂತಾರೆ, ‘ಕನ್ನಡ ಸಣ್ಣ ಬೋರ್ಡಿಗೆ ಆಗಿಬರಲ್ಲ’ ಅಂತ. ನಾನಂತೂ ಒಪ್ಪಲ್ಲ. ದೊಡ್ಡ ಅಕ್ಷರವನ್ನ ಕಂಪ್ಯೂಟರ್ ಕುಗ್ಗಿಸಿದಾಗ ಯಾವ ಚುಕ್ಕಿ ಉಳಿಸಬೇಕು, ಯಾವುದು ಬಿಡಬೇಕು ಅಂತ ಅದಕ್ಕೆ ತಿಳಿಯಲ್ಲ. ಕನ್ನಡ ಓದೋ ಕಣ್ಣಿಗೆ ತಿಳಿಯುತ್ತೆ.

ಹಾಗಾಗಿ ಗುಬ್ಬಿಯವರಿಗೆ ಒಂದು ಕೆಲಸ. ಎಡಿಟರ್‌ನಲ್ಲಿ ಕೆಳಗಿನ ಐದು ಸಾಲು ಮುಟ್ಟಬೇಡಿ. ಉಳಿದ 16ರಲ್ಲಿ ನಿಮ್ಮ ಊರಿನ ಹೆಸರು ಬರೀರಿ. ಗುಡಿಸಿಗೆ 3, ಮೈಗೆ 7, ಖಾಲಿ 1, ಒತ್ತಿಗೆ 5. ಮುಗಿದ ಮೇಲೆ ಕುರ್ಚಿಯಿಂದ ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ, ಪಕ್ಕದಲ್ಲಿರೋ ಯಾರನ್ನಾದರೂ ಕರೆದು ಓದಿ ಅನ್ನಿ. ಅವರು ತಡವರಿಸದೆ ‘ಗುಬ್ಬಿ’ ಅಂದರೆ ಆ ಸಂಖ್ಯೆಗಳನ್ನ ಎತ್ತಿಟ್ಟುಕೊಳ್ಳಿ.