ಋತುಪರ್ಣನ ಉತ್ತರೀಯ

ರೇಡಿಯೋದಲ್ಲಿ ಮಾತನಾಡಲು ಬಂದವನು ರೇಡಿಯೋ ಅಲೆಗಳ ಅಪ್ಪಣೆಯಂತೆ ಹಾರುವ ವಿಮಾನದ ವಿಷಯವನ್ನು ಎತ್ತಿಕೊಂಡರೆ ಅದು ಅಪ್ರಸ್ತುತವಾಗಲಾರದು ಎಂದು ಭಾವಿಸಿದ್ದೇನೆ. ನನ್ನ ಧ್ವನಿಯನ್ನು ನಿಮ್ಮ ಮನೆಯ ಪಡಸಾಲೆಗೆ ತಲುಪಿಸುವ ಅಲೆಗಳ ದಾಯಾದಿಗಳೇ ಆ ಪುಟ್ಟ ವಿಮಾನಕ್ಕೂ ಆಜ್ಞೆಯನ್ನು ಒಯ್ಯುತ್ತವೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ನಗರದಲ್ಲಿ ತಂತಿಯ ಹಂಗಿಲ್ಲದೆ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದ. 1930ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಆ ವಿದ್ಯೆಯನ್ನು ಮಾದರಿ ವಿಮಾನಕ್ಕೆ ಅಳವಡಿಸಿದರು. ಅಂದಿನಿಂದ ಆಕಾಶದ ವಾಣಿಯನ್ನು ಮನುಷ್ಯರಷ್ಟೇ ಅಲ್ಲ, ರೆಕ್ಕೆಯುಳ್ಳ ಯಂತ್ರಗಳೂ ಕೇಳತೊಡಗಿದವು, ಕೇಳಿದಂತೆ ನಡೆಯತೊಡಗಿದವು. ಮನುಷ್ಯರ ವಿಷಯದಲ್ಲಿ ಈ ಎರಡನೆಯ ಮಾತನ್ನು ಹೇಳುವ ಧೈರ್ಯ, ಮೂವತ್ತೈದು ವರ್ಷ ಪಾಠ ಹೇಳಿದ ನನಗಿಲ್ಲ.

ಹಳಗನ್ನಡದ ಮೇಷ್ಟರಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ನೀವು ಕೇಳಬಹುದು. ಹಿಡಿದದ್ದು ನನಗಲ್ಲ, ನನ್ನ ಮಗಳ ಮಗನಿಗೆ. ಅವನಿಗೆ ಹದಿನಾರು ವರ್ಷ. ಒಂದು ವರ್ಷದಿಂದ, ಮೈಯ ಮೇಲ್ಭಾಗದಲ್ಲಿ ಅಗಲವಾದ ರೆಕ್ಕೆಯಿರುವ, ಕೈಬಿಟ್ಟರೂ ತಾನೇ ಸಮತೋಲಕ್ಕೆ ಬರುವ ಒಂದು ಸಾಧು ವಿಮಾನವನ್ನು ನಮ್ಮ ಊರಾಚೆಯ ಒಣಗಿದ ಕೆರೆಯಂಗಳದಲ್ಲಿ ಹಾರಿಸುತ್ತಿದ್ದ. ಒಂದು ದಿನ, “ತಾತ, ಇದು ಎತ್ತಿನಗಾಡಿ. ನನಗೆ ಕುದುರೆ ಬೇಕು” ಎಂದ. ಉಪಮೆ ಕೊಟ್ಟು ಕೇಳಿದ ಮೊಮ್ಮಗನಿಗೆ ಇಲ್ಲವೆನ್ನುವುದು ಸಾಹಿತ್ಯದ ಅಧ್ಯಾಪಕನಿಗೆ ಕಷ್ಟ. ಪಿಂಚಣಿಯ ಹಣದಲ್ಲಿ ಕೊಂಡುಕೊಟ್ಟೆ. ಪೆಟ್ಟಿಗೆಯ ಮೇಲೆ ಗಂಟೆಗೆ 160 ಕಿಲೋಮೀಟರ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಾವಿಬ್ಬರೂ ಓದಿದ್ದು ಆ ಒಂದು ಅಂಕಿಯನ್ನು ಮಾತ್ರ.

ಮೊದಲ ದಿನ ಅದು ಹಾರಿದ್ದು ನಾಲ್ಕು ನಿಮಿಷ. ಮೂರೂವರೆ ನಿಮಿಷ ನಾವಿಬ್ಬರೂ ಮೈಮರೆತೆವು. ಆಮೇಲೆ ಹುಡುಗ ಬೆದರಿದ. ಇಳಿಸೋಣವೆಂದು ಮೋಟಾರಿನ ಓಟ ತಗ್ಗಿಸಿ, ನೆಲಕ್ಕೆ ಸಮೀಪದಲ್ಲಿಯೇ ವಿಮಾನವನ್ನು ನಮ್ಮತ್ತ ತಿರುಗಿಸಿದ. ತಿರುಗುವ ನಡುವೆ ಒಂದು ರೆಕ್ಕೆ ತಟಕ್ಕನೆ ಕುಸಿಯಿತು. ವಿಮಾನ ಮಗುಚಿ, ಏರಿಯ ಕೆಳಗೆ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬರಿಂದ ಹತ್ತು ಮಾರು ದೂರದಲ್ಲಿ ಬಿದ್ದಿತು. ಜಜ್ಜಿಹೋದ ಬ್ಯಾಟರಿಯಿಂದ ಹೊಗೆ ಎದ್ದು ಒಣಹುಲ್ಲಿಗೆ ಕಿಡಿ ತಗುಲಿತು. ನಾವು ಓಡಿಹೋಗಿ ಮರಳು ಸುರಿದೆವು. ಚೆದುರಿದ ಆಡುಗಳನ್ನು ಕೂಡಿಸುತ್ತ ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: “ನಿಮ್ ಹಕ್ಕಿಗೆ ಕಣ್ಣಿಲ್ವಾ ಸ್ವಾಮಿ?”

ನನ್ನ ಬಳಿ ಉತ್ತರವಿರಲಿಲ್ಲ. ಅಂದು ವಿಮಾನ ಬಿದ್ದದ್ದು ನಿಧಾನದಲ್ಲಿ. ಪೂರ್ಣವೇಗದಲ್ಲಿ ಬಂದು ಬಡಿದಿದ್ದರೆ ಅದರ ಪೆಟ್ಟು, ಅಷ್ಟೇ ತೂಕದ ವಸ್ತು ನೂರು ಮೀಟರ್ ಎತ್ತರದಿಂದ ನೇರವಾಗಿ ಕೆಳಗೆ ಬಿದ್ದ ಪೆಟ್ಟಿಗೆ ಸಮ. ಈ ಲೆಕ್ಕವನ್ನು ಹುಡುಗನೇ ಭೌತಶಾಸ್ತ್ರದ ಪುಸ್ತಕ ತೆರೆದು ರಾತ್ರಿ ಮಾಡಿ ತೋರಿಸಿದ. ಅವನ ಮುಖ ಬಿಳಿಚಿತ್ತು. ಇನ್ನು ಈ ಆಟವೇ ಬೇಡ ಎಂದುಬಿಡುವುದು ನನಗೆ ಸುಲಭವಾಗಿತ್ತು. ಆದರೆ ಭಯದಿಂದ ಬಿಟ್ಟ ವಿದ್ಯೆ ಭಯವನ್ನಷ್ಟೇ ಕಲಿಸುತ್ತದೆ. ಅದಲ್ಲದೆ ತಪ್ಪು ಆಟದ್ದಾಗಿರಲಿಲ್ಲ, ಆಯ್ಕೆಯದಾಗಿತ್ತು. ಆಯ್ದವರಲ್ಲಿ ನಾನೂ ಒಬ್ಬನಾಗಿದ್ದೆ.

ಆ ರಾತ್ರಿ ನನಗೆ ನೆನಪಾದದ್ದು ನಳನ ಕಥೆ. ಕನಕದಾಸರ ನಳಚರಿತ್ರೆಯನ್ನು ತರಗತಿಯಲ್ಲಿ ಓದಿಸುವಾಗ ಮೂಲ ಭಾರತದ ನಳೋಪಾಖ್ಯಾನದ ಒಂದು ಪ್ರಸಂಗವನ್ನು ನಾನು ತಪ್ಪದೆ ಹೇಳುತ್ತಿದ್ದೆ. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿ ಕೇಳಿ ಋತುಪರ್ಣ ಮಹಾರಾಜ ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕು. ಬಾಹುಕನ ವೇಷದಲ್ಲಿದ್ದ ನಳ ಲಾಯಕ್ಕೆ ಹೋಗಿ ಕುದುರೆಗಳನ್ನು ಆರಿಸಿ ತರುತ್ತಾನೆ. ತಂದವು ಬಡಕಲು ಕುದುರೆಗಳು. ಇವು ನಮ್ಮನ್ನು ಹೇಗೆ ಎಳೆದಾವು ಎಂದು ರಾಜ ಸಿಟ್ಟಾಗುತ್ತಾನೆ. ಅವನು ನೋಡಿದ್ದು ಕುದುರೆಯ ಮೈಯನ್ನು. ನಳ ನೋಡಿದ್ದು ಅದರ ಲಕ್ಷಣವನ್ನು. ಅಶ್ವಹೃದಯವನ್ನು ಬಲ್ಲವನಿಗೂ ಬಲ್ಲದವನಿಗೂ ಇರುವ ಅಂತರ ಲಾಯದಲ್ಲಿಯೇ ತಿಳಿದುಬಿಡುತ್ತದೆ, ದಾರಿಯವರೆಗೂ ಕಾಯಬೇಕಾಗಿಲ್ಲ.

ಹಾಗಾದರೆ ವೇಗದ ವಿಮಾನದ ಲಕ್ಷಣವೇನು? ತಾತ ಮೊಮ್ಮಗ ಇಬ್ಬರೂ ಒಂದು ನೋಟುಪುಸ್ತಕ ಹಿಡಿದು ತಿಂಗಳುಗಟ್ಟಲೆ ಕುಳಿತೆವು. ನಮಗೆ ಮೊದಲು ಹೊಳೆದದ್ದು ವಿಚಿತ್ರವಾದ ಸಂಗತಿ: ವೇಗದ ವಿಮಾನವನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಅದು ಎಷ್ಟು ವೇಗವಾಗಿ ಹಾರುತ್ತದೆ ಎಂದಲ್ಲ, ಎಷ್ಟು ನಿಧಾನವಾಗಿ ಹಾರಬಲ್ಲದು ಎಂದು. ಪ್ರತಿಯೊಂದು ವಿಮಾನಕ್ಕೂ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ಕೆಳಗಿಳಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ, ರೆಕ್ಕೆ ರೆಕ್ಕೆಯಾಗಿ ಉಳಿಯುವುದಿಲ್ಲ. ಬಲ್ಲವರು ಇದನ್ನು ಸ್ಟಾಲ್ ಎನ್ನುತ್ತಾರೆ. ಈ ಕನಿಷ್ಠ ವೇಗವನ್ನು ಮುಖ್ಯವಾಗಿ ನಿರ್ಣಯಿಸುವುದು ರೆಕ್ಕೆಯ ವಿಸ್ತಾರಕ್ಕೂ ವಿಮಾನದ ತೂಕಕ್ಕೂ ಇರುವ ಸಂಬಂಧ. 1200 ಗ್ರಾಂ ತೂಕವನ್ನು 30 ಚದರ ಡೆಸಿಮೀಟರ್ ರೆಕ್ಕೆ ಹೊತ್ತರೆ, ಅದು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದವರೆಗೂ ಗಾಳಿಯಲ್ಲಿ ನಿಂತೀತು. ಅದೇ ತೂಕವನ್ನು ಅರ್ಧದಷ್ಟು ರೆಕ್ಕೆಯ ಮೇಲೆ ಹೊರಿಸಿದರೆ ಅಂಕಿ 40ನ್ನು ದಾಟುತ್ತದೆ. ತಿರುವಿನಲ್ಲಿ ಇದು ಇನ್ನೂ ಏರುತ್ತದೆ. 60 ಡಿಗ್ರಿ ಓರೆಯಾಗಿ, ಎತ್ತರ ಕಳೆದುಕೊಳ್ಳದೆ ತಿರುಗಿದರೆ ಶೇಕಡ 41ರಷ್ಟು ಹೆಚ್ಚು. ಸಮುದ್ರಮಟ್ಟದಿಂದ 800 ಮೀಟರ್ ಮೇಲಿರುವ ನಮ್ಮ ಬಯಲುಸೀಮೆಯಲ್ಲಿ ಗಾಳಿಯೂ ತುಸು ತೆಳು. ನಮ್ಮ ವಿಮಾನ ಬಿದ್ದದ್ದು ಏಕೆಂಬುದು ಆಗ ತಿಳಿಯಿತು. ಅದರ ವೇಗ ಹೆಚ್ಚಾದದ್ದರಿಂದ ಅದು ಬೀಳಲಿಲ್ಲ. ಅದಕ್ಕೆ ನಿಧಾನವೆಂಬುದೇ ಗೊತ್ತಿಲ್ಲದ್ದರಿಂದ ಬಿದ್ದಿತು.

ಎರಡನೆಯ ಲಕ್ಷಣ ಬಲಕ್ಕೆ ಸಂಬಂಧಿಸಿದ್ದು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಬೇಕಾಗುವ ಬಲ ಎಂಟು ಮಡಿಯಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ಹೋಗುವ ವಿಮಾನ 125ಕ್ಕೆ ಏರಬೇಕಾದರೆ ಅದರ ಮೋಟಾರು ಹೆಚ್ಚುಕಡಮೆ ಎರಡರಷ್ಟು ದುಡಿಯಬೇಕು. ಆದ್ದರಿಂದ ಕೇವಲ ಮೋಟಾರನ್ನು ದೊಡ್ಡದು ಮಾಡಿ ವೇಗವನ್ನು ಕೊಳ್ಳಹೊರಟವನು ಬ್ಯಾಟರಿಯ ತೂಕವನ್ನೂ ಕೊಳ್ಳುತ್ತಾನೆ. ತೂಕ ಬಂದರೆ ಕನಿಷ್ಠ ವೇಗವೂ ಏರುತ್ತದೆ. ನುಣುಪಾದ ಮೈ, ತೆಳುವಾದ ರೆಕ್ಕೆ, ಗಾಳಿಗೆ ಅಡ್ಡಬರುವ ಚಕ್ರಗಳಿಲ್ಲದ ಹೊಟ್ಟೆ, ಇವು ಕೊಡುವ ವೇಗ ಪುಕ್ಕಟೆಯಾದ ವೇಗ. ಇನ್ನು ಪ್ರೊಪೆಲರ್. ಅದು ಒಂದು ಸುತ್ತಿಗೆ ಗಾಳಿಯಲ್ಲಿ ಎಷ್ಟು ಮುಂದೆ ಕೊರೆದು ಸಾಗಬೇಕೆಂಬುದನ್ನು ಅಂಗುಲಗಳಲ್ಲಿ ಗುರುತಿಸಿರುತ್ತಾರೆ. 6 ಅಂಗುಲದ ಪ್ರೊಪೆಲರ್ ನಿಮಿಷಕ್ಕೆ 15,000 ಸುತ್ತು ತಿರುಗಿದರೆ ಕಾಗದದ ಮೇಲಿನ ವೇಗ ಗಂಟೆಗೆ 137 ಕಿಲೋಮೀಟರ್. ಪೆಟ್ಟಿಗೆಯ ಮೇಲಿನ ಅಂಕಿ ಹೀಗೆ ಗುಣಾಕಾರದಿಂದ ಹುಟ್ಟಿದ್ದೋ ಅಥವಾ ಅಳೆದು ನೋಡಿದ್ದೋ ಎಂದು ಕೊಳ್ಳುವವನು ಕೇಳುವುದು ಒಳ್ಳೆಯದು.

ಮೂರನೆಯದು ಕಣ್ಣು. ಗಂಟೆಗೆ 160 ಕಿಲೋಮೀಟರ್ ಎಂದರೆ ಸೆಕೆಂಡಿಗೆ 44 ಮೀಟರ್. ಐದು ಸೆಕೆಂಡಿನಲ್ಲಿ ವಿಮಾನ ಇನ್ನೂರು ಮೀಟರ್ ಆಚೆಗಿರುತ್ತದೆ. 80 ಸೆಂಟಿಮೀಟರ್ ಅಗಲದ ವಿಮಾನ ಅಷ್ಟು ದೂರದಲ್ಲಿ ಹುಣ್ಣಿಮೆಯ ಚಂದ್ರನ ಅರ್ಧದಷ್ಟು ಕೂಡ ಅಗಲವಾಗಿ ಕಾಣದು. ಅದು ನಮ್ಮ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದೇ ತಿಳಿಯದ ಗಳಿಗೆ ಬರುತ್ತದೆ. ಆದ್ದರಿಂದ ಬಹಳ ಪುಟ್ಟದಾದ ವಿಮಾನ ಬೇಡ. ರೆಕ್ಕೆಯ ಮೇಲ್ಮೈಗೆ ಒಂದು ಬಣ್ಣ, ಕೆಳಮೈಗೆ ಇನ್ನೊಂದು ಬಣ್ಣ ಇರಲಿ. ನಳ ರಥವನ್ನು ಹಾರಿಸುತ್ತಿರುವಾಗ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ರಥವನ್ನು ನಿಲ್ಲಿಸು ಎಂದು ರಾಜ ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿರುತ್ತದೆ. ವೇಗದ ವಾಹನದಲ್ಲಿ ಮನಸ್ಸು ಯಾವಾಗಲೂ ಮುಂದಿನ ತಿರುವಿನಲ್ಲಿರಬೇಕು. ವಿಮಾನ ಈಗ ಇರುವ ಜಾಗವನ್ನು ನೋಡುತ್ತಿರುವವನು ಉತ್ತರೀಯವನ್ನು ನೋಡುತ್ತಿರುವ ಋತುಪರ್ಣ.

ನಾಲ್ಕನೆಯದು ಕಸುಬಿನ ಅಚ್ಚುಕಟ್ಟು. ರೆಕ್ಕೆಯ ಅಂಚಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಪಟ್ಟಿಗಳಿರುತ್ತವೆ. ಅವುಗಳ ಕೀಲು ಸಡಿಲವಾಗಿದ್ದರೆ ನಿಧಾನದಲ್ಲಿ ಏನೂ ತಿಳಿಯುವುದಿಲ್ಲ. ವೇಗ ಏರಿದಾಗ ಅವು ಗಾಳಿಗೆ ಸಿಕ್ಕಿದ ಬಾವುಟದಂತೆ ಪಟಪಟನೆ ನಡುಗಿ, ಕಣ್ಣು ಮಿಟುಕಿಸುವುದರೊಳಗೆ ರೆಕ್ಕೆಯನ್ನೇ ಹರಿದುಹಾಕಬಲ್ಲವು. ಸಂಸಾರದಲ್ಲಿಯೂ ಸಡಿಲವಾದ ಕೀಲುಗಳು ತಿಳಿಯುವುದು ವೇಗದಲ್ಲಿಯೇ, ಆ ಮಾತು ಇರಲಿ.

ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ವೇಗಗಳಿವೆ. ಮೂರು ಕಂಬಗಳನ್ನು ಸುತ್ತುವ ಅಂತಾರಾಷ್ಟ್ರೀಯ ಪಂದ್ಯದಲ್ಲಿ 4 ಕಿಲೋಮೀಟರ್ ದೂರವನ್ನು ಒಂದು ನಿಮಿಷದೊಳಗೆ ಮುಗಿಸುವವರಿದ್ದಾರೆ. 2017ರಲ್ಲಿ ಜರ್ಮನಿಯ ನೀಲ್ಸ್ ಹೆರ್ಬ್ರಿಕ್ ತನ್ನ ಪುಟ್ಟ ಜೆಟ್ ವಿಮಾನವನ್ನು ಗಂಟೆಗೆ 749 ಕಿಲೋಮೀಟರ್ ವೇಗದಲ್ಲಿ ಹಾರಿಸಿದ. 2021ರ ಜನವರಿಯಲ್ಲಿ ಅಮೆರಿಕದ ಸ್ಪೆನ್ಸರ್ ಲಿಸೆನ್‌ಬಿ, ಮೋಟಾರೇ ಇಲ್ಲದ ಮಾದರಿ ಗ್ಲೈಡರನ್ನು ಕ್ಯಾಲಿಫೋರ್ನಿಯಾದ ಬೆಟ್ಟವೊಂದರ ನೆತ್ತಿಯ ಗಾಳಿಯಲ್ಲಿ ಸುತ್ತಿಸಿ ಸುತ್ತಿಸಿ 882 ಕಿಲೋಮೀಟರ್ ಮುಟ್ಟಿಸಿದ. ಮೋಟಾರಿರುವುದಕ್ಕಿಂತ ಮೋಟಾರಿಲ್ಲದ್ದು ಮುಂದೆ! ಋತುಪರ್ಣನ ಲಾಯದ ಬಡಕಲು ಕುದುರೆ ಇದೇ ಅಲ್ಲವೆ?

ಕೊನೆಗೆ ನಾವು ಆರಿಸಿದ್ದು ಫೋಮಿನಲ್ಲಿ ಅಚ್ಚುಹಾಕಿದ, ತ್ರಿಕೋನಾಕಾರದ ರೆಕ್ಕೆಯ, ಹಿಂಬದಿಯಲ್ಲಿ ಪ್ರೊಪೆಲರ್ ಇರುವ ವಿಮಾನವನ್ನು. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಫನ್‌ಜೆಟ್ ಈ ಬಗೆಯವುಗಳಲ್ಲಿ ಹೆಸರಾದದ್ದು. ಮೈಗೆ ಹೋಲಿಸಿದರೆ ರೆಕ್ಕೆ ವಿಶಾಲ. ನಿಧಾನದಲ್ಲಿ ಒಮ್ಮೆಗೇ ಮಗುಚದೆ ತಲೆ ತಗ್ಗಿಸಿ ಸೂಚನೆ ಕೊಡುವ ಸ್ವಭಾವ. ಇದನ್ನು ಕೈಯಿಂದ ಎಸೆದು ಹಾರಿಸಬೇಕು. ಪ್ರೊಪೆಲರ್ ಹಿಂದಿರುವುದರಿಂದ, ವಿಮಾನ ಕೈಬಿಟ್ಟ ಮೇಲೆಯೇ ಮೋಟಾರು ಓಡಿಸಬೇಕು, ಇಲ್ಲವಾದರೆ ಬೆರಳಿಗೆ ಅಪಾಯ. ಇದೇ ಮೈಗೆ ಮೊದಲು ಸೌಮ್ಯವಾದ ಮೋಟಾರು ಹಾಕಿ, ಕೈ ಪಳಗಿದಂತೆ ಬಲವಾದದ್ದನ್ನು ಹಾಕಬಹುದು. ವಿದ್ಯಾರ್ಥಿಯೊಂದಿಗೆ ಬೆಳೆಯುವ ಪಠ್ಯಪುಸ್ತಕ ಎಲ್ಲಿ ಸಿಗುತ್ತದೆ, ಹೇಳಿ!

ಜಾಗವನ್ನೂ ಆರಿಸಿದೆವು. 2021ರ ಡ್ರೋನ್ ನಿಯಮಗಳು ಮನರಂಜನೆಗೆಂದು ಹಾರಿಸುವ ಮಾದರಿ ವಿಮಾನಗಳನ್ನೂ ತಮ್ಮ ಪರಿಧಿಗೆ ತಂದುಕೊಂಡವು. ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸಬೇಕೆಂಬುದು ಅವುಗಳ ಷರತ್ತು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆಯನ್ನು ನೋಡಿಯೇ ಮನೆಯಿಂದ ಹೊರಡಬೇಕು. ಆದರೆ ಆ ನಕ್ಷೆಯಲ್ಲಿ ಆಡು ಮೇಯಿಸುವವರ ಗುರುತು ಇರುವುದಿಲ್ಲ.

ಹೊಸ ವಿಮಾನ ಹಾರಿದ ಬೆಳಿಗ್ಗೆ ಹುಡುಗ ಪೆಟ್ಟಿಗೆಯನ್ನು ತೆರೆಯಲಿಲ್ಲ. ಮೊದಲು ಕೆರೆಯಂಗಳವನ್ನು ದಾಟಿ ಆ ಅಜ್ಜಿಯ ಬಳಿಗೆ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಆಕೆ ಆಡುಗಳನ್ನು ಏರಿಯ ಆಚೆಗೆ ಹೊಡೆದುಕೊಂಡು ಹೋಗಿ, ಮೇಲೆ ಹತ್ತಿ, ಎಲೆಅಡಿಕೆಯ ಚೀಲವನ್ನು ಬಿಚ್ಚಿ ಕುಳಿತರು. ಹುಡುಗ ವಿಮಾನವನ್ನು ಎತ್ತರಕ್ಕೆ ಒಯ್ದು, ಅಲ್ಲಿಯೇ ಮೋಟಾರು ತಗ್ಗಿಸಿ, ಅದು ಎಷ್ಟು ನಿಧಾನವಾಗಿ ಹಾರೀತೆಂದು ಮೂರು ಬಾರಿ ಪರೀಕ್ಷಿಸಿದ. ಆಮೇಲೆ ಒಂದೇ ಒಂದು ಸಲ ಪೂರ್ಣವೇಗದಲ್ಲಿ ನಮ್ಮೆದುರಿನ ಬಯಲನ್ನು ಉದ್ದಕ್ಕೂ ಸೀಳಿಕೊಂಡು ಹೋಗುವಂತೆ ಹಾರಿಸಿದ. ಸಿಳ್ಳಿನಂಥ ಸದ್ದು ಕಿವಿಯನ್ನು ತಲುಪುವಾಗ ವಿಮಾನ ಆಚೆಯ ಜಾಲಿಮರಗಳ ಕಡೆಗೆ ತಿರುಗುತ್ತಿತ್ತು. ಇಳಿಯುವಾಗ ಅದು ಹುಲ್ಲಿನ ಮೇಲೆ ಹೊಟ್ಟೆಯೂರಿ, ಸದ್ದಿಲ್ಲದೆ ಜಾರಿ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತು.

ಏರಿಯ ಮೇಲಿನಿಂದ ಅಜ್ಜಿ ಕೂಗಿ ಕೇಳಿದರು: “ಆಯ್ತಾ ಮಗ? ಆಡು ಬಿಡ್ಲಾ?”

“ಬಿಡಿ ಅಜ್ಜಿ” ಎಂದ ಹುಡುಗ, ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆ.