ಸೋರುವ ತೊಟ್ಟಿ



ನೀರು ತಾನಿರುವ ಪಾತ್ರೆಯಿಂದ ಹೊರಬರುವ ಬಗೆಗಳನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು: ಇವೆಲ್ಲ ಒಂದೇ ಅಲ್ಲ. ಮಡಕೆಯ ಮೈ ಒಸರಿದರೆ ಒಳಗಿನ ನೀರು ತಣ್ಣಗಾಗುತ್ತದೆ, ಅದು ಗುಣ. ಮಾಳಿಗೆ ಸೋರಿದರೆ ಮನೆಮಂದಿಗೆ ನಿದ್ದೆಯಿಲ್ಲ; ಅದು ದೋಷ. ತರಗತಿಯಲ್ಲಿ ಬಹುಕಾಲ ವಿವರಿಸಿದ ಈ ಭೇದಕ್ಕೆ ರೂಪಾಯಿಯ ಲೆಕ್ಕದಲ್ಲಿ ಬೆಲೆ ಕಟ್ಟಬೇಕಾದ ಪ್ರಸಂಗ ಈಚೆಗೆ ಒದಗಿತು. ಹಳೆಯದೊಂದು ಮೀನುತೊಟ್ಟಿಯನ್ನು ಕೊಳ್ಳುವುದೋ, ಬಿಡುವುದೋ ಎಂಬುದೇ ಪ್ರಶ್ನೆ.

ಊರು ಬಿಟ್ಟು ಹೊರಟಿದ್ದ ನೆರೆಮನೆಯವರು ತಮ್ಮ ಗಾಜಿನ ತೊಟ್ಟಿಯನ್ನು ಮಾರಲು ಬಯಸಿದರು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬೆಲೆ ಒಂದು ಸಾವಿರ ರೂಪಾಯಿ. “ಮೇಷ್ಟ್ರೇ, ಕೆಳಗಿನ ಮೂಲೆಯಲ್ಲಿ ಕೊಂಚ ಜಿನುಗುತ್ತದೆ, ಅಷ್ಟೆ” ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಬಹುದಿನದಿಂದ ಮೀನಿಗಾಗಿ ಹಂಬಲಿಸುತ್ತಿದ್ದ ನನ್ನ ಮೊಮ್ಮಗಳು, “ತಾತ, ಗಾಜೇನೂ ಒಡೆದಿಲ್ಲ, ಅಂಟು ತಾನೆ ಹೋಗಿರೋದು?” ಎಂದಳು. ಇಬ್ಬರ ಮಾತೂ ನಿಜ. ಆದರೆ ಆ ‘ಅಷ್ಟೆ’ ಎಂಬುದು ಎಷ್ಟು ಎಂದು ಅಳೆಯದೆ ಹಣ ಎಣಿಸುವಂತಿರಲಿಲ್ಲ.

ಅಳೆದು ನೋಡಿದೆ. ಅಂಚಿನವರೆಗೆ ತುಂಬಿದರೆ ಆ ತೊಟ್ಟಿ ಸುಮಾರು 127 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ ಒಂದು ಕಿಲೋ ಎಂದರೆ ನೀರಿನ ಭಾರವೇ 127 ಕಿಲೋ. ಇಬ್ಬರು ದೃಢಕಾಯರು ಹಗಲಿರುಳು ಮೇಜಿನ ಮೇಲೆ ಕುಳಿತ ಹಾಗೆ. ನೀರಿನ ಒತ್ತಡ ಆಳವಾದಂತೆ ಹೆಚ್ಚುತ್ತದೆ; ಆದುದರಿಂದ ತಳದ ಬೆಸುಗೆಗೇ ಹೆಚ್ಚಿನ ಶ್ರಮ. ಮೇಲಂಚಿನ ದೋಷವನ್ನು ನೀರನ್ನು ತುಸು ಕಡಮೆ ತುಂಬಿ ಮರೆಸಬಹುದು; ತಳದ ಮೂಲೆಯ ದೋಷಕ್ಕೆ ಆ ಉಪಾಯವಿಲ್ಲ. ಇದರ ಮೇಲೆ, ನಮ್ಮ ಮನೆಯಲ್ಲಿ ತೊಟ್ಟಿಗೆ ಒದಗುವ ಗೋಡೆ ಒಂದೇ. ಅದಕ್ಕೆ ತಗುಲಿದಂತೆ ಪುಸ್ತಕದ ಕಪಾಟು. ಅದರ ಕೆಳಗಿನ ಅರೆಯಲ್ಲಿ ನಾನು ವಿದ್ಯಾರ್ಥಿದೆಸೆಯಿಂದ ಕೂಡಿಸಿದ ಶಾಸನ ಸಂಪುಟಗಳು. ನಡುರಾತ್ರಿ ಜಿನುಗು ಸೋರಿಕೆಯಾದರೆ ಮೀನುಗಳೂ ಉಳಿಯವು, ಗ್ರಂಥಗಳೂ ಉಳಿಯವು.

‘ಅಕ್ವೇರಿಯಂ’ ಎಂಬ ಲ್ಯಾಟಿನ್ ಪದಕ್ಕೆ ಮೂಲದಲ್ಲಿ ದನಗಳು ನೀರು ಕುಡಿಯುವ ಸ್ಥಳ ಎಂದೇ ಅರ್ಥ. ಮೀನುಗಳ ಗಾಜಿನ ಮನೆ ಎಂಬ ಅರ್ಥ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. 1853ರಲ್ಲಿ ಲಂಡನ್ನಿನ ಮೃಗಾಲಯ ಜನರಿಗಾಗಿ ಮತ್ಸ್ಯಗೃಹವೊಂದನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದು ಈ ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿದ. ಆಗಿನ ತೊಟ್ಟಿಗಳಲ್ಲಿ ಲೋಹದ ಚೌಕಟ್ಟಿಗೆ ಗಾಜನ್ನು ಪುಟ್ಟಿಯಿಂದ ಕೂಡಿಸುತ್ತಿದ್ದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲಿಕೋನ್ ಅಂಟು ಬಳಕೆಗೆ ಬಂದ ಮೇಲೆ ಚೌಕಟ್ಟು ಬೇಡವಾಯಿತು. ಗಾಜಿಗೆ ಗಾಜೇ ಆಸರೆ. ನಡುವೆ ರಬ್ಬರಿನಂತಹ ತೆಳುಪದರ.

ಈ ಅಂಟಿಗೆ ಒಂದು ವಿಚಿತ್ರ ಸ್ವಭಾವವುಂಟು. ಗಾಜನ್ನು ಬಿಗಿಯಾಗಿ ಹಿಡಿಯುವ ಅದು, ಒಣಗಿದ ತನ್ನದೇ ಹಳೆಯ ಪದರವನ್ನು ಸರಿಯಾಗಿ ಹಿಡಿಯದು. ಆದುದರಿಂದ ಜಿನುಗುವ ಜಾಗಕ್ಕೆ ಮೇಲೊಂದು ತೇಪೆ ಹಾಕಿ ಸುಮ್ಮನಾಗುವಂತಿಲ್ಲ. ಹೊರಗೆ ಒದ್ದೆಯಾದ ಎಡೆಯಲ್ಲೇ ಒಳಗೂ ಬಿರುಕಿದೆಯೆಂದು ನಂಬುವಂತೆಯೂ ಇಲ್ಲ. ನೀರು ಸಂದಿಯೊಳಗೆ ಹರಿದು ಬೇರೆಲ್ಲೋ ತಲೆದೋರುತ್ತದೆ. ಒಳಮೂಲೆಗಳ ಅಂಟನ್ನೆಲ್ಲ ಬ್ಲೇಡಿನಿಂದ ಹೆರೆದು, ಗಾಜನ್ನು ಸ್ಪಿರಿಟಿನಿಂದ ಒರಸಿ, ಒಂದೇ ಸಲಕ್ಕೆ ಹೊಸದಾಗಿ ಬಳಿಯಬೇಕು. ಬಚ್ಚಲುಮನೆಗೆಂದು ಬೂಷ್ಟುನಾಶಕ ಬೆರೆಸಿದ ಅಂಟು ಮೀನಿಗೆ ವಿಷ, ಅದು ಸಲ್ಲದು. ಬಳಿದ ಮೇಲೆ ವಿನಿಗರಿನಂತಹ ಹುಳಿವಾಸನೆ ಪೂರ್ತಿ ಅಡಗುವವರೆಗೆ ಕಾಯಬೇಕು. ಗಾಜುಗಳ ನಡುವಣ ಅಂಟೇ ಬಿಟ್ಟುಕೊಂಡಿದ್ದರೆ ತೊಟ್ಟಿಯನ್ನು ಪೂರ್ತಿ ಬಿಚ್ಚಿ ಕಟ್ಟಬೇಕು. ಅದು ದುರಸ್ತಿಯಲ್ಲ, ಪುನರ್ನಿರ್ಮಾಣ; ನನ್ನ ವಯಸ್ಸಿನ ಕೈಗಳಿಗೆ ಒಗ್ಗದ ಕೆಲಸ.

ಹಾಗಾಗಿ ತೀರ್ಮಾನ ಬೆಲೆಯ ಮೇಲೆ ನಿಲ್ಲಲಿಲ್ಲ, ಆ ನಡುವಣ ಪದರದ ಮೇಲೆ ನಿಂತಿತು. ಭೂತಗನ್ನಡಿ ಹಿಡಿದು ಎಲ್ಲ ಕೂಡುಗಳನ್ನೂ ನೋಡಿದೆ. ಗಾಜುಗಳ ನಡುವೆ ಗುಳ್ಳೆಯಾಗಲಿ ಬಿಡುವಾಗಲಿ ಕಾಣಲಿಲ್ಲ; ಒಳಗಿನ ಅಂಟು ಮಾತ್ರ ಒಂದು ಮೂಲೆಯಲ್ಲಿ ಎದ್ದಿತ್ತು. ಕೊಂಡೆ. ಮೊಮ್ಮಗಳೊಡನೆ ಮೂರು ಕರಾರುಗಳಾಗಿವೆ. ದುರಸ್ತಿಯಾದ ತೊಟ್ಟಿ ಹೊರಜಗಲಿಯಲ್ಲಿ, ಸಮತಟ್ಟಾದ ಹಲಗೆಯ ಮೇಲೆ, ಒಣ ಕಾಗದ ಹಾಸಿ, ನೀರು ತುಂಬಿ ಒಂದು ವಾರ ನಿಲ್ಲಬೇಕು. ಕಾಗದ ಒಂದೆಡೆ ನೆನೆದರೂ ಅದರಲ್ಲಿ ಜರೀಗಿಡ ಬೆಳೆಸುವುದೇ ಹೊರತು ಮೀನಲ್ಲ. ತೊಟ್ಟಿ ಗೆದ್ದು ಒಳಗೆ ಬಂದರೆ ಕೆಳ ಅರೆಯ ಗ್ರಂಥಗಳು ಮೇಲೇರಬೇಕು. ಆಮೇಲೂ ಮೀನುಗಳು ಒಮ್ಮೆಗೇ ಬರುವಂತಿಲ್ಲ. ಅವುಗಳ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಈ ಕೊನೆಯ ಕರಾರಿಗೆ ಅವಳು ಒಪ್ಪಿದ್ದು ತುಸು ಮುನಿಸಿನಿಂದ.

ಆ ಗ್ರಂಥಗಳನ್ನು ಮೇಲಿಡುವ ಯೋಚನೆಯಲ್ಲಿರುವಾಗ ಅವುಗಳೊಳಗಿನ ಮಾತೊಂದು ನೆನಪಾಯಿತು. ಕೆರೆಗಳನ್ನು ಕುರಿತ ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟುವುದಕ್ಕೂ ಕಾಪಾಡುವುದಕ್ಕೂ ಬಿಟ್ಟ ಭೂಮಿ ಅದು. ಹೂಳೆತ್ತುವ ಬಂಡಿಗೂ ದತ್ತಿಗಳಿದ್ದವು. ಏರಿ ಎಂದೂ ಒಡೆಯದೆಂದು ಆ ಹಿರಿಯರು ನಂಬಿರಲಿಲ್ಲ. ನೀರು ಎಂದಾದರೂ ದಾರಿ ಹುಡುಕುತ್ತದೆಂದು ಬಲ್ಲವರಾಗಿ, ದುರಸ್ತಿಯ ವೆಚ್ಚವನ್ನು ಮೊದಲೇ ತೆಗೆದಿರಿಸಿದರು. ಅಂತಹ ಏರ್ಪಾಡು ತಪ್ಪಿದೆಡೆ ಕೆರೆ ಹೂಳು ತುಂಬಿ ಹೆಸರಾಗಿ ಮಾತ್ರ ಉಳಿಯುತ್ತದೆ.

ಕೆರೆಗೂ ಮೂರಡಿಯ ಗಾಜಿನ ತೊಟ್ಟಿಗೂ ಎತ್ತಣ ಹೋಲಿಕೆ ಎನ್ನಬಹುದು. ಆದರೆ ಎರಡರಲ್ಲೂ ಜೀವಗಳು ಮನುಷ್ಯನ ಕಟ್ಟೋಣವನ್ನು ನಂಬಿ ಬದುಕುತ್ತವೆ. ಹಳೆಯ ತೊಟ್ಟಿಯನ್ನು ಕೊಳ್ಳಬೇಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮಾರುವವರು ಹೇಳುವುದು ಗಾಜಿನ ಬೆಲೆಯನ್ನು. ಅದಕ್ಕೆ ದುರಸ್ತಿಯ ದಿನಗಳನ್ನೂ, ಆಮೇಲಿನ ದಿನನಿತ್ಯದ ಕಾವಲನ್ನೂ ಕೂಡಿಸಿಕೊಳ್ಳಿ. ಆ ಮೊತ್ತವನ್ನು ತೆರಲು ಮನಸ್ಸಿದ್ದರೆ ಕೊಳ್ಳಿ. ಇಲ್ಲವಾದರೆ ಉಚಿತವಾಗಿ ಬಂದರೂ ಬೇಡವೆನ್ನಿ.